ಶುಗರ್ ಇರುವ ಮನೆಗೆ ಎಷ್ಟು ಸಲಹೆ ಬೇಕು? ಮೀಟರ್, ಡಾಕ್ಟರ್, ವಾಟ್ಸಾಪ್: ಯಾವುದನ್ನು ಯಾವುದಕ್ಕೆ ಕೇಳಬೇಕು

ಹೋದ ವರ್ಷ ತಿಪಟೂರಿಗೆ ಅಮ್ಮನ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಮೂರು ಗಂಟೆಗೆ ಅಮ್ಮ ನನ್ನನ್ನು ಎಬ್ಬಿಸಿದರು. ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. "ಏನೋ ಆಗ್ತಿದೆ ಕಣೇ, ಎದೆ ಡವಡವ ಅಂತಿದೆ" ಅಂದರು. ಬೆರಳು ಚುಚ್ಚಿ ನೋಡಿದರೆ ಮೀಟರ್‌ನಲ್ಲಿ 58, ಅಂದರೆ ಶುಗರ್ ತೀರಾ ಕಡಿಮೆ. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ, ಕರಗಿಸಿ ಕುಡಿಸಿದೆ. ಅಡುಗೆಮನೆಯ ಗಡಿಯಾರ ನೋಡುತ್ತಾ ಹದಿನೈದು ನಿಮಿಷ ಇಬ್ಬರೂ ಕೂತೆವು. ಮತ್ತೆ ಚುಚ್ಚಿದಾಗ 91 ಬಂತು. ಎರಡು ಬಿಸ್ಕತ್ತು ತಿಂದು ಅಮ್ಮ ಮಲಗಿದರು. ನನಗೆ ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ವಿಷಯ ಗೊತ್ತಾಯಿತು. ಹಾಸನದ ಚಿಕ್ಕಮ್ಮ ರಾತ್ರಿ ಅನ್ನ ತಿನ್ನಲೇಬಾರದು ಅಂತ ಒಂದು ಫಾರ್ವರ್ಡ್ ಕಳಿಸಿದ್ದರು. ಪಕ್ಕದ ಮನೆಯವರು ಹಣ್ಣು ಮುಟ್ಟಬೇಡಿ ಅಂದಿದ್ದರು. ಒಂದು ವಿಡಿಯೊದಲ್ಲಿ ಸಂಜೆ ಆರರ ಮೇಲೆ ಏನೂ ತಿನ್ನದಿದ್ದರೆ ಶುಗರ್ ತಾನಾಗೇ ಇಳಿಯುತ್ತದೆ ಅಂತ ಹೇಳಿದ್ದರು. ಅಮ್ಮ ಮೂರನ್ನೂ ಪಾಲಿಸಿದ್ದರು. ಮೂರು ದಿನದಿಂದ ರಾತ್ರಿ ಊಟ ಇಲ್ಲ. ಆದರೆ ರಾತ್ರಿಯ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು. ಅದು ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿದ ಮಾತ್ರೆ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ಶುಗರ್ ಇಳಿಸುವ ಇನ್ಸುಲಿನ್ ಸುರಿಸುವ ಕೆಲಸ ಮಾಡುತ್ತಲೇ ಇರುತ್ತದೆ. ಸಲಹೆ ಕೊಟ್ಟ ಮೂವರಲ್ಲಿ ಒಬ್ಬರಿಗೂ ಅಮ್ಮ ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಗೊತ್ತಿರಲಿಲ್ಲ.

"ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾರ ಮಾತು ಕೇಳೋದು ಹೇಳು?" ಅಂತ ಅಮ್ಮ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಒಂದು ವರ್ಷ ಕಳೆಯಿತು. ಈ ಬರಹ ಅದರಿಂದಲೇ ಬಂದದ್ದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಲ್ಲಿ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದಮೇಲೆ ಪ್ರತಿ ಬೀದಿಯಲ್ಲೂ ಅನುಭವಸ್ಥರು ಇರುತ್ತಾರೆ, ಪ್ರತಿ ಮದುವೆ ಪಂಕ್ತಿಯಲ್ಲೂ ಸಲಹೆ ಸಿಗುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಅಮ್ಮನಿಗೆ ಆದ ಹಾಗೆ ಆಗುತ್ತದೆ. ನಾನು ಕಂಡುಕೊಂಡದ್ದು ಇಷ್ಟು: ಪ್ರತಿಯೊಂದು ಮೂಲವೂ ಒಂದು ಬಗೆಯ ಪ್ರಶ್ನೆಗೆ ಮಾತ್ರ ಚೆನ್ನಾಗಿ ಉತ್ತರ ಕೊಡುತ್ತದೆ. ಬೇರೆ ಪ್ರಶ್ನೆ ಕೇಳಿದರೆ ಆಗಲೂ ಏನೋ ಒಂದು ಉತ್ತರ ಸಿಗುತ್ತದೆ, ತೊಂದರೆ ಶುರುವಾಗುವುದು ಅಲ್ಲಿಂದ.

ಮೊದಲು ಅಂಕಿಗಳು: ಮೀಟರ್, ಸೆನ್ಸರ್, ಮೂರು ತಿಂಗಳ ಟೆಸ್ಟ್

ಮಾಹಿತಿ ಜಾಸ್ತಿಯಾಯಿತು ಅಂದ ತಕ್ಷಣ ನಮಗೆ ಮೊಬೈಲ್ ನೆನಪಾಗುತ್ತದೆ. ಆದರೆ ಜಾಸ್ತಿ ತಲೆ ಕೆಡಿಸುವುದು ನಮ್ಮದೇ ದೇಹದ ಅಂಕಿಗಳು. ಲೆಕ್ಕ ಹಾಕಿ ನೋಡಿ. ಎರಡು ವಾರದಲ್ಲಿ ದಿನಕ್ಕೆ ಎರಡು ಸಲ ಚುಚ್ಚಿಕೊಂಡರೆ 28 ಅಂಕಿ. ತೋಳಿಗೆ ಅಂಟಿಸುವ ಸೆನ್ಸರ್ ಐದು ನಿಮಿಷಕ್ಕೊಮ್ಮೆ ಅಳೆದರೆ ಅದೇ ಎರಡು ವಾರದಲ್ಲಿ 4,032 ಅಂಕಿ. ಎಚ್‌ಬಿಎ1ಸಿ, ಅಂದರೆ ಜನ 'ಮೂರು ತಿಂಗಳ ಶುಗರ್' ಅನ್ನುವ ಟೆಸ್ಟ್, ಮೂರು ತಿಂಗಳಿಗೆ ಒಂದೇ ಒಂದು ಅಂಕಿ ಕೊಡುತ್ತದೆ. ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ಅದು ನೀವು ಯಾವ ಔಷಧಿಯ ಮೇಲಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮನೆಯ ಮೀಟರ್ ಹೇಳುವುದು ಈ ಕ್ಷಣದ ಶುಗರ್ ಎಷ್ಟು ಅಂತ. ತಲೆ ಸುತ್ತಿದಾಗ, ಬೆವರಿದಾಗ, ಇನ್ಸುಲಿನ್ ತಗೊಳ್ಳುವ ಮೊದಲು ಅದಕ್ಕಿಂತ ಒಳ್ಳೆಯ ಸಲಹೆಗಾರ ಇಲ್ಲ. ಆದರೆ ಅದರ ಮಿತಿ ಗೊತ್ತಿರಬೇಕು. ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಬಂದರೂ ಅದು ಸರಿಯಾದ ಮೀಟರ್. 100ರ ಕೆಳಗೆ 15 ಅಂಕಿಯವರೆಗೆ ವ್ಯತ್ಯಾಸ ಇರಬಹುದು. ಅಂದರೆ ನಿಜವಾದ ಶುಗರ್ 200 ಇದ್ದಾಗ ಮೀಟರ್ 175 ಅಂತಲೂ ತೋರಿಸಬಹುದು, 225 ಅಂತಲೂ ತೋರಿಸಬಹುದು. ನಿನ್ನೆ 142, ಇವತ್ತು 151 ಬಂತು, ಏನು ತಿಂದೆನೋ ಅಂತ ಅಮ್ಮ ದಿನವಿಡೀ ಕೊರಗುತ್ತಿದ್ದರು. ಆ ಒಂಬತ್ತು ಅಂಕಿಗೆ ಅರ್ಥವೇ ಇಲ್ಲ. ಇದು ತಿಳಿದ ಮೇಲೆ ಅವರ ಅರ್ಧ ಚಿಂತೆ ಇಳಿಯಿತು.

ಇನ್ನೊಂದು ಸಂಗತಿ ನಾನು ಕಣ್ಣಾರೆ ನೋಡಿದ್ದು. ಹಲಸಿನ ಹಣ್ಣಿನ ಕಾಲ. ಅಮ್ಮ ಹಿತ್ತಲಲ್ಲಿ ಕೂತು ತೊಳೆ ಬಿಡಿಸಿದರು. ಒಂದು ತೊಳೆಯನ್ನೂ ಬಾಯಿಗೆ ಹಾಕಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಚುಚ್ಚಿಕೊಂಡರೆ 264. ಮುಖ ಸಣ್ಣದಾಯಿತು. "ಮುಟ್ಟಿದ್ದಕ್ಕೇ ಏರ್ತಾ?" ಅಂದರು. ಸೋಪು ಹಾಕಿ ಕೈ ತೊಳೆಸಿ, ಚೆನ್ನಾಗಿ ಒರೆಸಿ, ಬೇರೆ ಬೆರಳಲ್ಲಿ ನೋಡಿದರೆ 139. ಮೊದಲ ಸಲ ಸ್ಟ್ರಿಪ್ ಅಳೆದದ್ದು ರಕ್ತದ ಜೊತೆ ಬೆರಳ ತುದಿಗೆ ಅಂಟಿದ್ದ ಹಲಸಿನ ಸಕ್ಕರೆಯನ್ನೂ ಸೇರಿಸಿ. ಕೈ ತೊಳೆಯದೆ ಬಂದ ಅಂಕಿ ನೋಡಿ ಯಾರಾದರೂ ಒಂದು ಮಾತ್ರೆ ಜಾಸ್ತಿ ನುಂಗಿದರೆ ಏನಾಗಬಹುದು ಅಂತ ಯೋಚಿಸಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ತಾರೀಖು ಮುಗಿದಿದ್ದರೆ ಆಗಲೂ ಅಂಕಿ ತಪ್ಪಬಹುದು.

ಇನ್ನು ಸೆನ್ಸರ್. ತೋಳಿನ ಹಿಂಭಾಗಕ್ಕೆ ರೂಪಾಯಿ ನಾಣ್ಯದಷ್ಟು ದೊಡ್ಡ ಬಿಲ್ಲೆ ಅಂಟಿಸುತ್ತಾರೆ. ಕೆಲವು 14 ದಿನ ಬಾಳುತ್ತವೆ. ಒಂದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ಊಟ ಆದ ಮೇಲೆ, ನಡೆದು ಬಂದ ಮೇಲೆ ಶುಗರ್ ಬೇಗ ಬದಲಾಗುವಾಗ ಅದರ ಅಂಕಿ ಕೆಲವು ನಿಮಿಷ ಹಿಂದೆ ಇರುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದರೆ ಲೋ ಶುಗರ್ ಅಂತ ಸುಳ್ಳೇ ಕೂಗುವುದೂ ಉಂಟು.

ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಬಗೆಯ ಶುಗರ್ ಇರುವ ಮಕ್ಕಳಿಗೆ, ದಿನಕ್ಕೆ ಮೂರು ನಾಲ್ಕು ಸಲ ಇನ್ಸುಲಿನ್ ತಗೊಳ್ಳುವವರಿಗೆ, ಲೋ ಆಗುವುದು ತಮಗೇ ಗೊತ್ತಾಗದವರಿಗೆ ಸೆನ್ಸರ್ ನಿಜವಾಗಿ ಜೀವ ಕಾಯುವ ವಸ್ತು. ಅಂಥವರು ಖರ್ಚು ಹೊಂದಿಸಲು ಆಗುವುದಾದರೆ ಬಿಡಬಾರದು. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ವರ್ಷಪೂರ್ತಿ ಸೆನ್ಸರ್ ಬೇಡ ಅಂತ ನನ್ನ ಅಭಿಪ್ರಾಯ. ಅವರ ಕೈಯಲ್ಲಿ ಆ ಸಾವಿರಾರು ಅಂಕಿಗೆ ಮಾಡಲು ಕೆಲಸವೇ ಇಲ್ಲ. ದೋಸೆ ತಿಂದರೆ ಗೆರೆ ಏರುತ್ತದೆ, ಮತ್ತೆ ಇಳಿಯುತ್ತದೆ. ಆರೋಗ್ಯವಂತರಿಗೂ ಊಟದ ನಂತರ ಒಂದಿಷ್ಟು ಏರುತ್ತದೆ. ನಮ್ಮ ಪರಿಚಯದವರೊಬ್ಬರು ಸೆನ್ಸರ್ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆಗೊಮ್ಮೆ ಫೋನ್ ನೋಡುತ್ತಿದ್ದರು, ಕೊನೆಗೆ ಇಡ್ಲಿ ಕಂಡರೂ ಹೆದರುವಂತಾಯಿತು. ಅವರ ಮೂರು ತಿಂಗಳ ಶುಗರ್ 6.4, ಅಂದರೆ ಹತೋಟಿಯಲ್ಲೇ ಇತ್ತು. ನಮ್ಮ ದೇಹ ಯಾವ ಊಟಕ್ಕೆ ಹೇಗೆ ಏರುತ್ತದೆ ಅಂತ ಕಲಿಯಬೇಕಿದ್ದರೆ ಒಂದು ಸಲ 14 ದಿನ ಹಾಕಿಸಿಕೊಂಡು, ಆ ವರದಿಯನ್ನು ಡಾಕ್ಟರ್ ಜೊತೆ ಕೂತು ನೋಡಿದರೆ ಸಾಕು. ಆಗ ಕೇಳಬೇಕಾದದ್ದು ಒಂದೇ ಅಂಕಿ: ದಿನದ ಎಷ್ಟು ಹೊತ್ತು 70ರಿಂದ 180ರ ನಡುವೆ ಇತ್ತು? ಹೆಚ್ಚಿನವರಿಗೆ ಶೇ 70ಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ಗುರಿ.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಎಷ್ಟು ಸಕ್ಕರೆ ಅಂಟಿತು ಅನ್ನುವುದೇ ಈ ಅಳತೆ. 7 ಬಂದರೆ ಸರಾಸರಿ ಶುಗರ್ ಸುಮಾರು 154, 8 ಬಂದರೆ ಸುಮಾರು 183. ಚಿಕಿತ್ಸೆ ಸರಿದಾರಿಯಲ್ಲಿ ಇದೆಯೋ ಇಲ್ಲವೋ ಅಂತ ಹೇಳಲು ಇದರಷ್ಟು ಸ್ಪಷ್ಟವಾದ ಅಂಕಿ ಬೇರೆ ಇಲ್ಲ. ಟೆಸ್ಟ್‌ಗೆ ನಾಲ್ಕು ದಿನ ಮುಂಚೆ ಪಥ್ಯ ಮಾಡಿ ಅದನ್ನು ಮೋಸ ಮಾಡಲು ಆಗುವುದಿಲ್ಲ. ಆದರೆ ಇದೂ ತಪ್ಪುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಸುಮ್ನೆ ಜಾಸ್ತಿ ತೋರಿಸಬಹುದು. ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಬರುವ ಅಂಕಿಯನ್ನು ನಂಬಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಮನೆಯ ಮೀಟರ್ 130 ಅನ್ನುತ್ತಿದ್ದು ಮೂರು ತಿಂಗಳ ಶುಗರ್ 8.5 ಬಂದರೆ ಗಾಬರಿಯಾಗುವ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ.

ಈಗ ಅಮ್ಮನಿಗೆ ನಾವು ಆರಿಸಿಕೊಂಡದ್ದು ಹೀಗಿದೆ. ವಾರಕ್ಕೆ ಎರಡು ದಿನ ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಶುಗರ್. ವಾರಕ್ಕೆ ಒಂದು ದಿನ ಒಂದು ಊಟಕ್ಕೆ ಮೊದಲು ಮತ್ತು ಎರಡು ಗಂಟೆ ನಂತರ. ಮೂರು ತಿಂಗಳಿಗೆ ಒಂದು ಎಚ್‌ಬಿಎ1ಸಿ. ಮೈ ಸರಿ ಇಲ್ಲ ಅನ್ನಿಸಿದಾಗ ಮಾತ್ರ ಹೆಚ್ಚಿಗೆ. ಇದನ್ನು ಡಾಕ್ಟರ್ ಒಪ್ಪಿದರು. ಇನ್ಸುಲಿನ್ ಮೇಲಿರುವವರಿಗೆ ಈ ಲೆಕ್ಕ ಸಾಲದು, ಅವರು ದಿನವೂ ನೋಡಲೇಬೇಕು.

ಮುದ್ದೆಯೋ ಅನ್ನವೋ: ಇದನ್ನು ಯಾರಿಗೆ ಕೇಳಬೇಕು?

ಊಟದ ವಿಷಯದಲ್ಲಿ ಬರುವಷ್ಟು ಸಲಹೆ ಬೇರೆ ಯಾವುದರಲ್ಲೂ ಬರುವುದಿಲ್ಲ. ನಮ್ಮ ಕಡೆ ಅದರ ರಾಜ ರಾಗಿ. 'ರಾಗಿ ತಿಂದರೆ ಶುಗರ್ ಬರಲ್ಲ' ಅನ್ನುವ ಮಾತು ಕೇಳದವರು ಇಲ್ಲ. ರಾಗಿ ಒಳ್ಳೆಯ ಧಾನ್ಯ. ಸುಣ್ಣದ ಅಂಶ, ನಾರು ಎರಡೂ ಅಕ್ಕಿಗಿಂತ ಎಷ್ಟೋ ಜಾಸ್ತಿ. ಆದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಪಿಷ್ಟ ಅದರಲ್ಲೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್. ಅಮ್ಮ ಕಟ್ಟುವ ಒಂದು ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆ ಅಂತ ಒಂದು ದಿನ ತೂಗಿದೆ: 90 ಗ್ರಾಂ. ಒಂದೂವರೆ ಮುದ್ದೆ ತಿಂದು, ಆಮೇಲೆ 'ಸ್ವಲ್ಪ' ಅನ್ನ ಸಾರು ತಿಂದರೆ ರಾಗಿ ಅನ್ನುವ ಹೆಸರು ಏನೂ ಕಾಪಾಡುವುದಿಲ್ಲ.

ಈ ಪ್ರಶ್ನೆಗೆ ವಿಡಿಯೊ ಉತ್ತರ ಕೊಡಲಾರದು, ಚಿಕ್ಕಮ್ಮ ಕೊಡಲಾರರು. ನಿಮ್ಮ ಮೀಟರ್ ಕೊಡುತ್ತದೆ. ಒಂದು ಸೋಮವಾರ ಅಮ್ಮ ಎಂದಿನಂತೆ ಒಂದೂವರೆ ಮುದ್ದೆ, ಸೊಪ್ಪಿನ ಸಾರು ಉಂಡರು. ಊಟಕ್ಕೆ ಮೊದಲು 118, ಎರಡು ಗಂಟೆ ಆದ ಮೇಲೆ 212. ಮುಂದಿನ ಸೋಮವಾರ ಚಿಕ್ಕದೊಂದು ಮುದ್ದೆ, ಅದೇ ಸಾರಿನಲ್ಲಿ ಕಾಳು ಜಾಸ್ತಿ, ಪಕ್ಕದಲ್ಲಿ ಹುರುಳಿಕಾಯಿ ಪಲ್ಯ ಒಂದು ಬಟ್ಟಲು. ಮೊದಲು 121, ಆಮೇಲೆ 164. ಅದರ ಮುಂದಿನ ವಾರ ಅಷ್ಟೇ ಪಿಷ್ಟ ಬರುವಷ್ಟು ಅನ್ನ, ಅದೇ ಕಾಳು, ಅದೇ ಪಲ್ಯ: 171. ಮೀಟರ್‌ನ ಶೇ 15 ನೆನಪಿದೆ ಅಲ್ವಾ? ಕೊನೆಯ ಎರಡರ ನಡುವೆ ವ್ಯತ್ಯಾಸವೇ ಇಲ್ಲ ಅಂದುಕೊಳ್ಳಬಹುದು. ನಮ್ಮ ಮನೆಯಲ್ಲಿ ಮುದ್ದೆ ಅನ್ನದ ಜಗಳ ಅವತ್ತು ಮುಗಿಯಿತು. ಎಷ್ಟು ಅನ್ನುವುದು ಮುಖ್ಯವಾಯಿತು. ನಿಮ್ಮ ದೇಹ ಬೇರೆ ಥರ ಇರಬಹುದು. ಅದಕ್ಕೇ ನಿಮ್ಮ ಮೀಟರ್‌ನಲ್ಲೇ ನೋಡಿ.

ಬೆಲ್ಲದ ಪ್ರಶ್ನೆಗೆ ಇಷ್ಟು ಕಷ್ಟವೂ ಬೇಡ. ಬೆಲ್ಲದಲ್ಲಿ ಇರುವುದು ಬಹುಪಾಲು ಅದೇ ಸಕ್ಕರೆ. ಜೇನುತುಪ್ಪದ ಕಥೆಯೂ ಅಷ್ಟೇ.

ಇಡೀ ದಿನದ ಊಟ ಹೇಗಿರಬೇಕು ಅಂತ ಕೂತು ಮಾತಾಡಲು ಡಯಟೀಷಿಯನ್ ಬೇಕು. ಡಾಕ್ಟರಿಗೆ ಅಷ್ಟು ಹೊತ್ತು ಇರುವುದಿಲ್ಲ. ಆದರೆ ಡಯಟೀಷಿಯನ್‌ರನ್ನು ಆರಿಸುವಾಗ ಒಂದು ಪರೀಕ್ಷೆ ಮಾಡಿ. ಮೊದಲ ಭೇಟಿಯಲ್ಲಿ ಅವರು ನಿಮ್ಮನ್ನು ಕೇಳುತ್ತಾರಾ, ಅಥವಾ ಬರೀ ಹೇಳುತ್ತಾರಾ? ನಾವು ಮೊದಲು ಹೋದ ಕಡೆ ಅಚ್ಚು ಹಾಕಿಸಿದ ಹಾಳೆ ಕೊಟ್ಟರು. ಅದರಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು. ತಿಪಟೂರಿನ ಅಮ್ಮನ ಅಡುಗೆಮನೆಯಲ್ಲಿ ಆ ಹಾಳೆಗೆ ಜಾಗ ಇರಲಿಲ್ಲ. ಎರಡನೆಯವರು ಅರ್ಧ ಗಂಟೆ ಬರೀ ಕೇಳಿದರು. ತೆಂಗಿನಕಾಯಿ ಎಷ್ಟು, ಕಾಫಿಗೆ ಸಕ್ಕರೆ ಎಷ್ಟು, ಏಕಾದಶಿ ಉಪವಾಸ ಮಾಡುತ್ತೀರಾ, ಉಪವಾಸದ ದಿನ ಮಾತ್ರೆ ಏನು ಮಾಡುತ್ತೀರಿ? ಕೊನೆಗೆ ಮೂರೇ ಬದಲಾವಣೆ ಹೇಳಿದರು. ಮೂರೂ ಇಂದಿಗೂ ನಡೆಯುತ್ತಿವೆ. ಇದರ ಜೊತೆ ಮನೆಯಲ್ಲಿ ಒಂದು ನೆಚ್ಚಿನ ಪುಸ್ತಿಕೆ ಇರಲಿ ಅಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದೆ. ಅದು ಎಲ್ಲರಿಗಾಗಿ ಬರೆದದ್ದು, ಶುಗರ್ ಇರುವವರಿಗೆ ಅಂತಲೇ ಅಲ್ಲ. ಆದರೂ ನಮ್ಮ ದೇಶದ ತಟ್ಟೆಯನ್ನು ನೋಡಿ ಬರೆದದ್ದು.

ಡಾಕ್ಟರ ಐದು ನಿಮಿಷ

ಮಾತ್ರೆ ಯಾವುದು, ಎಷ್ಟು, ಯಾವಾಗ, ಯಾವಾಗ ಬಿಡಬೇಕು: ಈ ನಾಲ್ಕಕ್ಕೂ ಡಾಕ್ಟರ್ ಒಬ್ಬರೇ. ಬೇರೆ ಯಾರ ಮಾತೂ ಬೇಡ. ಮೆಡಿಕಲ್ ಶಾಪಿನವರು ಎಷ್ಟೇ ಪರಿಚಯದವರಾಗಲಿ, ಅವರನ್ನು ಸ್ಟ್ರಿಪ್ ತಾರೀಖು, ಬೆಲೆ ಕೇಳಿ. ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದಾ ಅಂತ ವಿಚಾರಿಸಿ. ಡೋಸ್ ಮಾತ್ರ ಅಲ್ಲಿ ಕೇಳಬೇಡಿ.

ತೊಂದರೆ ಏನೆಂದರೆ ಹೊರಗೆ ಮೂವತ್ತು ಜನ ಕೂತಿರುವಾಗ ನಮಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ಮೂರು ತಿಂಗಳ ಅಂಕಿಗಳನ್ನೆಲ್ಲ ಒಪ್ಪಿಸಲು ಹೋದರೆ ಕೇಳಬೇಕಾದ್ದೇ ಉಳಿದುಹೋಗುತ್ತದೆ. ನಾನು ಈಗ ಅರ್ಧ ಹಾಳೆ ಬರೆದುಕೊಂಡು ಹೋಗುತ್ತೇನೆ. ಮೇಲೆ ಫಾಸ್ಟಿಂಗ್‌ನ ಕನಿಷ್ಠ, ಗರಿಷ್ಠ. ಎಷ್ಟು ಸಲ ಲೋ ಆಯಿತು, ಯಾವ ಹೊತ್ತಿನಲ್ಲಿ. ಕೆಳಗೆ ಎರಡು ಪ್ರಶ್ನೆ. ಅಷ್ಟೇ.

ಅಮ್ಮನ ಆ ರಾತ್ರಿಯ ನಂತರ ನಾವು ಮೊದಲು ಕೇಳಿದ ಪ್ರಶ್ನೆ: "ಊಟ ಬಿಟ್ಟ ದಿನ ಇದರಲ್ಲಿ ಯಾವ ಮಾತ್ರೆ ಬಿಡಬೇಕು?" ಡಾಕ್ಟರ್ ಚೀಟಿಯ ಮೇಲೆ ಆ ಮಾತ್ರೆಯ ಸುತ್ತ ಕೆಂಪು ಗೆರೆ ಎಳೆದು 'ಊಟ ಇದ್ದರೆ ಮಾತ್ರ' ಅಂತ ಬರೆದುಕೊಟ್ಟರು. ಎರಡನೇ ಪ್ರಶ್ನೆ: "ಇವರಿಗೆ ಎಷ್ಟಿದ್ದರೆ ಸಾಕು?" ಅದರ ಉತ್ತರ ನಮ್ಮ ಮನೆಯನ್ನೇ ಬದಲಾಯಿಸಿತು. ಹೆಚ್ಚಿನವರಿಗೆ ಎಚ್‌ಬಿಎ1ಸಿ 7ರ ಒಳಗೆ ಅನ್ನುವುದು ಗುರಿ. ಆದರೆ ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ, ಲೋ ಆಗುವ ಭಯ ಇರುವವರಿಗೆ ಅದನ್ನು ಸಡಿಲ ಮಾಡುತ್ತಾರೆ. 74 ವರ್ಷದ ಅಮ್ಮನಿಗೆ 7.5 ಇದ್ದರೂ ಸಂತೋಷ ಅಂದರು. ಅಮ್ಮ ಅಷ್ಟು ದಿನ 35 ವರ್ಷದ ಹುಡುಗರಿಗೆ ಹಾಕಿದ ಗುರಿಯ ಹಿಂದೆ ಓಡುತ್ತಿದ್ದರು. ಗರ್ಭಿಣಿಯರಿಗೆ ಇದರ ತದ್ವಿರುದ್ಧ: ಫಾಸ್ಟಿಂಗ್ 95ರ ಒಳಗೆ, ಊಟದ ಎರಡು ಗಂಟೆ ನಂತರ 120ರ ಒಳಗೆ ಅಂತ ಬಿಗಿ ಮಾಡುತ್ತಾರೆ. ಅದಕ್ಕೇ ಇನ್ನೊಬ್ಬರ ಗುರಿ ನಮಗೆ ಹೊಂದುವುದಿಲ್ಲ.

ಫಾರ್ವರ್ಡ್‌ಗಳಲ್ಲಿ ಎಂದೂ ಬರದ ಕೆಲವು ಮಾತು ಡಾಕ್ಟರ ಹತ್ತಿರ ಮಾತ್ರ ಸಿಗುತ್ತವೆ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ. ಕಿಡ್ನಿ ಹೇಗಿದೆ ಅಂತ ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್. ಪಾದದ ಸ್ಪರ್ಶಜ್ಞಾನ. ಬಿಪಿ. ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12. ಕಣ್ಣು, ಕಿಡ್ನಿ, ಕಾಲನ್ನು ಉಳಿಸುವುದು ಇವೇ. ಊಟದ ಬಗ್ಗೆ ನೂರು ವಿಡಿಯೊ ನೋಡಿದ ಎಷ್ಟೋ ಮಂದಿ ಒಂದು ಸಲವೂ ಕಣ್ಣಿಗೆ ಹನಿ ಹಾಕಿಸಿ ಒಳಗೆ ನೋಡಿಸಿಕೊಂಡಿರುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದರೆ ಸುಮ್ಮನಾಗಬೇಡಿ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಇರುತ್ತದೆ. ಶುಗರ್, ಬಿಪಿಗೆ ಅಂತಲೇ ಇರುವ ಜಾಗ ಅದು. ಎಲ್ಲಿ, ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಮನೆಯಿಂದ ಹೊರಡಲು ಆಗದವರು ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೊ ಮೂಲಕ ಡಾಕ್ಟರ ಜೊತೆ ಉಚಿತವಾಗಿ ಮಾತಾಡಬಹುದು. ಬೆಂಗಳೂರಿನಲ್ಲಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಅನ್ನುವ ಸರ್ಕಾರದ ಸಂಸ್ಥೆಯೇ ಇದೆ.

ವಿಡಿಯೊ, ಫಾರ್ವರ್ಡ್, ಎಐ

ಇವನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇನ್ಸುಲಿನ್ ಪೆನ್ ಹಿಡಿಯುವುದು ಹೇಗೆ, ಪಾದ ಹೇಗೆ ಪರೀಕ್ಷಿಸಿಕೊಳ್ಳುವುದು ಅಂತ ತೋರಿಸಲು ವಿಡಿಯೊದಷ್ಟು ಒಳ್ಳೆಯ ಮೇಷ್ಟ್ರು ಇಲ್ಲ. ರಿಪೋರ್ಟಿನಲ್ಲಿ ಇರುವ ಒಂದು ಪದದ ಅರ್ಥ ತಿಳಿಯಲು ಎಐ ಚಾಟ್ ಅನುಕೂಲ. ಆದರೆ ಅದಕ್ಕೆ ನಿಮ್ಮ ಕಿಡ್ನಿ ಹೇಗಿದೆ ಅಂತ ಗೊತ್ತಿಲ್ಲ, ತಪ್ಪು ಹೇಳುವಾಗಲೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಡೋಸ್ ಕೇಳುವ ಜಾಗ ಅದಲ್ಲ.

'ಶುಗರ್ ಶಾಶ್ವತವಾಗಿ ಗುಣ' ಅನ್ನುವ ಜಾಹೀರಾತಿನ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಇದನ್ನು ಗುಣ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದೇ ಅಪರಾಧ. ಪುಡಿಯಾಗಲಿ, ಕಷಾಯವಾಗಲಿ, ಹಾಗೆ ಹೇಳಿ ಮಾರುವವರು ಮೊದಲ ಮಾತಲ್ಲೇ ಕಾನೂನು ಮುರಿದಿರುತ್ತಾರೆ.

ಪೂರ್ತಿ ಸುಳ್ಳಿಗಿಂತ ಅರ್ಧ ನಿಜವನ್ನು ಗುರುತಿಸುವುದು ಕಷ್ಟ. 'ರಿವರ್ಸಲ್', ಅಂದರೆ ಶುಗರ್ ಹಿಮ್ಮೆಟ್ಟಿಸಬಹುದು ಅನ್ನುವ ಮಾತನ್ನೇ ತಗೊಳ್ಳಿ. ಅದರ ಹಿಂದೆ ನಿಜವಾದ ಸಂಶೋಧನೆ ಇದೆ. ಬ್ರಿಟನ್ನಿನಲ್ಲಿ ನಡೆದ ಡೈರೆಕ್ಟ್ ಅನ್ನುವ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತೂಕ ಇಳಿಸುವ ಗುಂಪಿನಲ್ಲಿ ಒಂದು ವರ್ಷದ ಕೊನೆಗೆ ಶೇ 46 ಜನರ ಶುಗರ್ ಮಾತ್ರೆ ಇಲ್ಲದೆ ಹತೋಟಿಗೆ ಬಂತು. ವಿಡಿಯೊಗಳು ಇಷ್ಟಕ್ಕೇ ನಿಲ್ಲುತ್ತವೆ. ಉಳಿದದ್ದು ಇದು: ಅವರೆಲ್ಲರಿಗೂ ಕಾಯಿಲೆ ಬಂದು ಆರು ವರ್ಷದೊಳಗೆ ಆಗಿತ್ತು. ಇನ್ಸುಲಿನ್ ತಗೊಳ್ಳುವವರು ಅದರಲ್ಲಿ ಇರಲಿಲ್ಲ. ಎಲ್ಲರೂ ದಪ್ಪ ಇದ್ದವರು. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರದ ಮೇಲಿದ್ದರು, ಅದೂ ವೈದ್ಯಕೀಯ ಉಸ್ತುವಾರಿಯಲ್ಲಿ. ಎರಡನೇ ವರ್ಷದ ಹೊತ್ತಿಗೆ ಆ 46 ಇಳಿದು 36 ಆಗಿತ್ತು. ನಲವತ್ತರ ವಯಸ್ಸಿನಲ್ಲಿ, ದಪ್ಪ ಮೈಯವರಿಗೆ, ಹೊಸದಾಗಿ ಶುಗರ್ ಬಂದಿದ್ದರೆ ಇದು ನಿಜಕ್ಕೂ ಆಶೆಯ ಸುದ್ದಿ. ಡಾಕ್ಟರ ಹತ್ತಿರ ಹೋಗಿ ಇದನ್ನೇ ಕೇಳಿ, ನಾನು ತೂಕ ಇಳಿಸಿದರೆ ಮಾತ್ರೆ ಕಡಿಮೆ ಮಾಡಬಹುದಾ ಅಂತ. ಇಪ್ಪತ್ತು ವರ್ಷದಿಂದ ಶುಗರ್ ಇರುವ ನನ್ನ ಸಣಕಲು ಅಮ್ಮನಿಗೆ ಅದೇ ಸುದ್ದಿ ಅಪಾಯ. ಎರಡು ನಿಮಿಷದ ವಿಡಿಯೊದಲ್ಲಿ ಈ ವ್ಯತ್ಯಾಸಕ್ಕೆ ಜಾಗ ಸಿಗುವುದಿಲ್ಲ.

ಮನೆಮದ್ದಿನ ವಿಷಯದಲ್ಲಿ ಅಮ್ಮನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಎಷ್ಟು ಬೇಕಾದರೂ ಇರಲಿ. ಔಷಧಿಯ ಹಾಗೆ ದಿನವೂ ತಗೊಳ್ಳುವುದಾದರೆ, ಅದು ಹಿತ್ತಲಿನ ಇನ್ಸುಲಿನ್ ಗಿಡದ ಎಲೆಯಾದರೂ ಸರಿ, ಮಧುನಾಶಿನಿ ಪುಡಿಯಾದರೂ ಸರಿ, ಡಾಕ್ಟರ ಚೀಟಿಯಲ್ಲಿ ಅದನ್ನೂ ಬರೆಸಬೇಕು. ಅದು ಏನೂ ಕೆಲಸ ಮಾಡದಿದ್ದರೆ ದುಡ್ಡು ದಂಡ. ನಿಜವಾಗಿ ಕೆಲಸ ಮಾಡಿದರೆ ಗ್ಲಿಮೆಪಿರೈಡ್ ಜೊತೆ ಸೇರಿ ಶುಗರ್ ಜಾಸ್ತಿಯೇ ಇಳಿಯಬಹುದು.

ಚಿಕ್ಕಮ್ಮನ ಫಾರ್ವರ್ಡ್ ನಿಂತಿಲ್ಲ. ಅವರ ಮನಸ್ಸು ನೋಯಿಸುವುದೂ ಬೇಡ. ಅಮ್ಮ ಈಗ "ನೋಡ್ತೀನಿ ಕಣೆ, ಮಗಳಿಗೆ ಕಳಿಸಿದೀನಿ" ಅನ್ನುತ್ತಾರೆ. ಎಲ್ಲವೂ ನನಗೆ ಬರುತ್ತದೆ. ಭಾನುವಾರ ಒಂದು ಸಲ ನೋಡುತ್ತೇನೆ. ಹತ್ತರಲ್ಲಿ ಒಂದು ಕೇಳುವಂತಿದ್ದರೆ ಅದು ಡಾಕ್ಟರ ಅರ್ಧ ಹಾಳೆಗೆ ಹೋಗುತ್ತದೆ. ಸಲಹೆ ಬರುವ ಬಾಗಿಲು ಮನೆಯಲ್ಲಿ ಒಬ್ಬರ ಕೈಯಲ್ಲಿ ಇದ್ದರೆ ಶುಗರ್ ಇರುವವರಿಗೆ ಎಷ್ಟು ಹಗುರ ಅನ್ನುವುದನ್ನು ನಾನು ಅಮ್ಮನ ಮುಖದಲ್ಲಿ ಕಂಡಿದ್ದೇನೆ. ದಿನವೂ ಲೆಕ್ಕ, ದಿನವೂ ಭಯ, ದಿನವೂ ತಪ್ಪಿತಸ್ಥ ಭಾವನೆ: ಇದನ್ನು ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಅನ್ನುತ್ತಾರೆ. ಅದನ್ನು ಅಳೆಯುವ 20 ಪ್ರಶ್ನೆಗಳ ಪಟ್ಟಿಯೇ 1995ರಿಂದ ಬಳಕೆಯಲ್ಲಿದೆ. ಮೀಟರ್ ಕಂಡರೆ ಸಾಕಾಗಿ ಹೋಗಿದೆ ಅನ್ನಿಸುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದು ಸೋಮಾರಿತನ ಅಲ್ಲ, ಕಾಯಿಲೆಯ ಜೊತೆಯಲ್ಲೇ ಬರುವ ದಣಿವು.

ಪುಸ್ತಕವೋ ಆ್ಯಪೋ

ಯಾವುದು ತಪ್ಪದೆ ಬರೆಯುತ್ತೀರೋ ಅದು. ಅಮ್ಮನಿಗೆ ಕ್ಯಾಲೆಂಡರ್. ದಿನದ ಚೌಕದಲ್ಲೇ ಪೆನ್ಸಿಲ್‌ನಲ್ಲಿ ಅಂಕಿ ಬರೆಯುತ್ತಾರೆ. ಹಬ್ಬ ಯಾವತ್ತು, ಉಪವಾಸ ಯಾವತ್ತು ಅಂತ ಅಲ್ಲೇ ಅಚ್ಚಾಗಿರುವುದರಿಂದ ಒಬ್ಬಟ್ಟು ತಿಂದ ದಿನ ಡಾಕ್ಟರಿಗೂ ಗೊತ್ತಾಗುತ್ತದೆ. ಇನ್ಸುಲಿನ್ ಡೋಸ್ ಲೆಕ್ಕ ಇಡುವವರಿಗೆ, ದೂರದ ಊರಿನ ಮಕ್ಕಳು ನೋಡಬೇಕಾದವರಿಗೆ ಆ್ಯಪ್ ಮೇಲು. ದಿನಕ್ಕೆ ಹತ್ತು ನೋಟಿಫಿಕೇಶನ್ ಕಳಿಸುವ ಆ್ಯಪ್ ಆದರೆ ಔಷಧಿಯ ಹೊತ್ತಿನದೊಂದು ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿ.

ಯಾರನ್ನೂ ಕೇಳುತ್ತಾ ಕೂರಬಾರದ ಹೊತ್ತು

ಕೆಲವು ಸಂದರ್ಭಕ್ಕೆ ಹೋಲಿಕೆ ಬೇಡ, ಹುಡುಕಾಟವೂ ಬೇಡ. ಅಮ್ಮನ ಫ್ರಿಜ್ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಶುಗರ್ 70ರ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ, ಹದಿನೈದು ನಿಮಿಷಕ್ಕೆ ಮತ್ತೆ ಟೆಸ್ಟ್, ಏರದಿದ್ದರೆ ಮತ್ತೆ ಮೂರು ಚಮಚ. ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಶುಗರ್ 300 ದಾಟಿ ವಾಂತಿಯೋ, ಏದುಸಿರೋ ಇದ್ದರೆ ಕೂಡಲೇ ಆಸ್ಪತ್ರೆ. ಕಾಲಿನ ಗಾಯ ಕಪ್ಪಾದರೆ, ಕೀವಾದರೆ ಅವತ್ತೇ ಆಸ್ಪತ್ರೆ. ಎಲ್ಲಕ್ಕಿಂತ ಕೆಳಗೆ, ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ, 108 ಅಂತ ಬರೆದಿದೆ. ಅದರ ಪಕ್ಕ ನನ್ನ ನಂಬರ್ ಅಮ್ಮ ತಾವೇ ಸೇರಿಸಿಕೊಂಡಿದ್ದಾರೆ.